ಕಡೀ ಡಬ್ಬಿ ದಾಟೂತನಕ

ಹಿತ್ತಾಳಿ ಸೀಟಿ ಬಾಯಾಗ ಇಟ್ಟರ, ಊದೂಕಿಂತ ಮೊದಲ ಅದರ ರುಚಿ ನಾಲಿಗಿಗೆ ಹತ್ತತೈತಿ. ಒಂದೀಟು ಉಪ್ಪು, ಒಂದೀಟು ಕಿಲುಬು, ಮ್ಯಾಲೆ ಕೊಬ್ಬರಿ ಎಣ್ಣಿ ವಾಸನಿ. ನಮ್ಮ ಶಾಂತಾ ಅತ್ತಿ ಹೋದ ವರ್ಷ ತೀರಿಕೊಂಡ ಮ್ಯಾಲೆ ಅಕಿ ಸೀಟಿ ನನ್ನ ಪಾಲಿಗೆ ಬಂತು. ಅಡಗಿಮನಿ ಕಪಾಟಿನ್ಯಾಗ, ಲವಂಗದ ಬಾಟ್ಲಿ ಬಾಜುಕ ಇಟ್ಟೀನಿ. ಮನ್ಯಾಗ ಯಾರೂ ಇಲ್ಲದಾಗ ತಗದು ಮೂಸಿ ನೋಡತೀನಿ. ನಗಬ್ಯಾಡ್ರಿ. ನಿಮ್ಮ ಮನ್ಯಾಗೂ ಇಂಥಾದ್ದೊಂದು ಇದ್ದ ಇರತೈತಿ, ಹೊರಗಿನವರ ಕಣ್ಣಿಗೆ ಹಾಳು ಸಾಮಾನು, ನಿಮಗಷ್ಟ ಅದರ ಬೆಲಿ ಗೊತ್ತು. ಆದ್ರ ನಾ ಅದನ್ನ ಊದೂದಿಲ್ಲ. ಆ ಸಪ್ಪಳ ಕೇಳಿದರ ಇವತ್ತಿಗೂ ನನ್ನ ಕಾಲು ಇದ್ದಲ್ಲೇ ನಿಂತಬಿಡತಾವ. ಯಾಕ ಅನ್ನೂದನ್ನ ಹೇಳಬೇಕಂದ್ರ ನಮ್ಮ ಕ್ಲಬ್ಬಿನ ಕತಿನ ಹೇಳಬೇಕು.

ಸಿಕಂದರಾಬಾದ ಬಾಜುಕಿನ ಮಲ್ಕಾಜ್‌ಗಿರಿ ಸ್ಟೇಷನ್ ಹಿಂದ, ರೈಲ್ವೆ ಕ್ವಾರ್ಟರ್ಸಿನ್ಯಾಗ ನಮ್ಮನಿ ಇತ್ತು. ಅಪ್ಪ ರೈಲಿನ ಗಾರ್ಡ್, ಶಹಾಬಾದ ಕಡಿಂದ ಬದಲಿಯಾಗಿ ಬಂದಾಂವ. ಶಾಂತಾ ಅತ್ತಿ ಅಪ್ಪನ ತಂಗಿ, ಧಾರವಾಡದಾಗ ಪಿ.ಟಿ. ಕಲತು ಬಂದು ಇಲ್ಲಿ ಹೆಣ್ಣಮಕ್ಕಳ ಸಾಲ್ಯಾಗ ಆಟದ ಟೀಚರ್ ಆಗಿದ್ದಳು. ಮದುವಿ ಯಾಕ ಆಗಲಿಲ್ಲ ಅಂತ ಕೇಳಿದವರಿಗೆ, ಪುರುಸೊತ್ತಾಗಲಿಲ್ರಿ ಅಂತಿದ್ದಳು. ಕ್ವಾರ್ಟರ್ಸಿಗೂ ಹಳಿಗೂ ನಡುವ ಒಂದು ಬಯಲು ಜಾಗ ಇತ್ತು. ಅಲ್ಲೆ ಎರಡು ಕಬ್ಬಿಣದ ಕಂಬ ನೆಡಿಸಿ, ತುದಿಗೆ ಚೆಂಡು ಹಾಕಾಕ ಒಂದೊಂದು ಕಬ್ಬಿಣದ ಬಳಿ ಹಚ್ಚಿಸಿ, ಹುಡುಗ್ಯಾರ ನೆಟ್‌ಬಾಲ್ ಕ್ಲಬ್ ಅಂತ ಹಲಗಿ ಬರಸಿ ನಿಲ್ಲಿಸಿದಳು. ಕಂಬ ನೋಡಿದ ಮಂದಿ, ಪಾಪ, ಬಾಸ್ಕೆಟ್‌ಬಾಲಿನ ಬೋರ್ಡ್ ಯಾರೋ ಕದ್ದಾರ ಅಂತ ಕನಿಕರಾ ಪಡತಿದ್ದರು. ಇದು ಬ್ಯಾರೆ ಆಟ, ಇದಕ್ಕ ಬೋರ್ಡ್ ಇರೂದಿಲ್ಲ, ಚೆಂಡು ಹಿಡಕೊಂಡು ಓಡೂ ಹಂಗಿಲ್ಲ, ಕೈಗೆ ಬಂದ ಚೆಂಡು ಮೂರು ಸೆಕೆಂಡಿನ್ಯಾಗ ಬಿಡಬೇಕು ಅಂತ ಹೇಳಿ ಹೇಳಿ ಅತ್ತಿ ಗಂಟಲ ಹರಕೊಂಡಳು. ಅವ್ವ ಸುಲ್ತಾನ್ ಬಜಾರಿನಿಂದ ಕಟ್‌ಪೀಸ್ ಅರಿವಿ ತಂದು, ಯಾರ ಜಾಗ ಯಾವುದಂತ ತೋರಸಾಕ ಎದಿ ಮ್ಯಾಲೆ ಕಟಗೊಳ್ಳೂ ಅಕ್ಷರದ ಪಟ್ಟಿ ಹೊಲದಳು. ಹಳದಿ ಅರಿವಿಗೆ ಕೆಂಪು ಅಕ್ಷರ. ಒಮ್ಮೆ ತೊಳದಮ್ಯಾಲೆ ಎಲ್ಲಾ ಕೇಸರಿಭಾತಿನ ಬಣ್ಣ.

ಸಂಜಿ ಆಟ ಮುಗದ ಮ್ಯಾಲೆ ಹುಡುಗ್ಯಾರೆಲ್ಲಾ ನಮ್ಮನಿ ಕಟ್ಟಿಗೆ ಬರತಿದ್ದರು. ಬಿಸಿಲಾಗ ಕಾದ ರಬ್ಬರ್ ಚೆಂಡಿನ ವಾಸನಿ, ಡೀಸೆಲ್ ಹೊಗಿ, ಒಳಗಿಂದ ಅವ್ವ ಬಡಿಯೂ ಜ್ವಾಳದ ರೊಟ್ಟಿ ಸಪ್ಪಳ. ರೊಟ್ಟಿ ಮ್ಯಾಲೆ ಶೇಂಗಾ ಹಿಂಡಿ, ಹಸಿ ಎಣ್ಣಿ. ಕಟ್ಟಿ ಮ್ಯಾಲೆ ತೆಲುಗು, ಹಿಂದಿ, ಕನ್ನಡ ಮೂರೂ ಕಲಸಿ ಮಾತು, ಜಗಳ ಮಾತ್ರ ಹಿಂದ್ಯಾಗ. ಅವ್ವ, ಇವಕ್ಕೆಲ್ಲಾ ಹೊಟ್ಟಿ ಐತೋ ಕಾಳು ತುಂಬೂ ಹಗೇವ ಐತೋ ಅಂತ ಗೊಣಗತಿದ್ದಳು, ಗೊಣಗಿಕೋತನ ಮತ್ತೊಂದು ರೊಟ್ಟಿ ಹಾಕತಿದ್ದಳು. ಅಂಥಾ ರೊಟ್ಟಿ ಆಮ್ಯಾಲೆ ನಾ ಎಲ್ಲೂ ತಿನ್ನಲಿಲ್ಲ, ಖರೇ ಹೇಳತೀನಿ.

ಒಂದಿನ ಚೆಂಡು ಉರುಳಿ ಹಳಿ ಕಡೆ ಹೋತು. ನಮ್ಮೊಳಗ ಭಾಳ ಸಣ್ಣಾಕಿ ಅದರ ಬೆನ್ನ ಹತ್ತಿ ಓಡಿದಳು. ಗೂಡ್ಸ್ ಗಾಡಿ ಬರಾಕತ್ತಿತ್ತು. ಅತ್ತಿ ಹಾರಿ ಅಕಿ ಜಡಿ ಹಿಡದು ಎಳದಳು. ಹುಡುಗಿ ಉಳೀತು, ಚೆಂಡು ಚೂರಾತು. ಮರುದಿನ ಅಪ್ಪ ತನ್ನ ಹಳೇ ಗಾರ್ಡ್ ಸೀಟಿ ಅತ್ತಿಗೆ ಕೊಟ್ಟ, ಅವತ್ತಿನಿಂದ ಒಂದು ಕಟ್ಟು ಬಿತ್ತು. ಸೀಟಿ ಕೇಳಿತಂದ್ರ, ಅದು ಅತ್ತಿದಿರಲಿ, ಸ್ಟೇಷನ್ನಿನ್ಯಾಗ ಯಾವ ಗಾರ್ಡ್ ಊದಿದ್ದಿರಲಿ, ಇದ್ದಲ್ಲೇ ನಿಲ್ಲಬೇಕು. ಚೆಂಡು ಎಲ್ಲಿಗರ ಹೋಗಲಿ. ರೈಲಿನ ಕಡೀ ಡಬ್ಬಿ ದಾಟಬೇಕು, ಅತ್ತಿ ಚಪ್ಪಾಳಿ ಹೊಡೀಬೇಕು, ಆವಾಗಷ್ಟ ಕಾಲು ಎತ್ತೂದು. ಎಷ್ಟೋ ವರ್ಷ ಹಿಂಗ ಆಡಿದ್ವಿ. ನಟ್ಟನಡುವ ಗೊಂಬಿಗತೆ ನಿಂತ ನಮ್ಮನ್ನ ನೋಡಿ ಕಿಡಕ್ಯಾಗಿನ ಮಂದಿ ಕೈ ಬೀಸತಿದ್ದರು, ತಿರುಗಿ ಕೈ ಬೀಸಾಕೂ ನಮಗ ಪರವಾನಗಿ ಇರಲಿಲ್ಲ.

ಆ ಟೀಮಿನ ಜೀವಾ ಅಂದ್ರ ಪದ್ಮಾ. ಹಳಿ ಗ್ಯಾಂಗಿನ್ಯಾಗ ದುಡಿಯೂ ಮಲ್ಲಯ್ಯನ ಮಗಳು, ತೆಲುಗು ಮಂದಿ, ಆದ್ರ ನಮ್ಮ ಕಟ್ಟಿ ಮ್ಯಾಲೆ ಕುಂತು ಕುಂತು ನಮಗಿಂತ ಛಲೋ ಕನ್ನಡ ಮಾತಾಡತಿದ್ದಳು. ಬಳಿ ಕೆಳಗ ನಿಂತು ಅಕಿ ಚೆಂಡು ಎತ್ತಿದರ, ನಾವು ಒಳಗ ಬಿತ್ತೋ ಇಲ್ಲೋ ನೋಡತಿರಲಿಲ್ಲ, ತಿರುಗಿ ನಮ್ಮ ಜಾಗಕ್ಕ ನಡೀತಿದ್ವಿ. ಹತ್ತನೇದು ಮುಗಿಸಿದ ವರ್ಷ ಅಕಿಗೆ ಕಾಜೀಪೇಟದ ಗಂಡು ಬಂತು. ಅತ್ತಿ ಮಲ್ಲಯ್ಯನ್ನ ಕರದು ಚಾ ಕೊಟ್ಟು ಕುಂಡ್ರಿಸಿದಳು. ಆ ವರ್ಷದ ಟೂರ್ನಮೆಂಟ್ ಗೆದ್ದ ಟೀಮಿನ ಹುಡುಗ್ಯಾರನ್ನ ರಾಜ್ಯದ ಟೀಮಿಗೆ ತಗೋತಾರ, ತಗೊಂಡರ ಆಟದ ಮ್ಯಾಲೆ ಕಾಲೇಜಿನ್ಯಾಗ ಸೀಟು ಸಿಗತೈತಿ ಅಂತ ಬಿಡಿಸಿ ಹೇಳಿದಳು. ಮಲ್ಲಯ್ಯ ಕೆಟ್ಟ ಮನುಷ್ಯ ಅಲ್ಲ. ಚಾ ಕುಡದು ಕಪ್ಪು ಕೆಳಗಿಟ್ಟು, ಗೆದ್ದರ ಓದಿಸತೀನಿ, ಸೋತರ ಮದುವಿ, ಆವಾಗ ನೀವು ನಡುವ ಬರಬಾರದು ಅಂದ. ಅತ್ತಿ ಒಪ್ಪಿಕೊಂಡಳು. ಪದ್ಮಾ ಬಾಗಲ ಮರಿಗೆ ನಿಂತು ಎಲ್ಲಾ ಕೇಳಿದ್ದಳು. ಆಮ್ಯಾಲೆ ಕತ್ತಲಾಗಿ ಬಳಿ ಕಾಣದಂಗ ಆಗೂತನಕ ಅಕಿ ಮೈದಾನ ಬಿಡತಿರಲಿಲ್ಲ.

ಫೈನಲ್ ಸಿಕಂದರಾಬಾದಿನ ಒಂದು ಮೈದಾನದಾಗ ಇತ್ತು. ಗ್ವಾಡಿ ಆಚಿ ಕಡೆ ಹಳಿ ಇತ್ತು, ಹಳಿ ಇಲ್ಲದ ಜಾಗ ನಾವು ಎಲ್ಲಿ ಕಂಡಿದ್ವಿ, ಅದನ್ನ ಯಾರೂ ಮನಸ್ಸಿಗೆ ಹಚಗೊಳ್ಳಲಿಲ್ಲ. ಕಡೀ ನಿಮಿಷ, ಎರಡೂ ಕಡೆ ಸಮಾ ಗೋಲು. ನಾ ಒಗದ ಚೆಂಡು ಬಳಿ ಕೆಳಗ ಪದ್ಮಾನ ಕೈಗೆ ಹೋತು. ಅಕಿ ಎರಡೂ ಕೈ ಎತ್ತಿದಳು. ಅದ ಹೊತ್ತಿಗೆ ಗ್ವಾಡಿ ಆಚಿಂದ ಗಾರ್ಡ್ ಸೀಟಿ ಊದಿದ.

ಪದ್ಮಾ ನಿಂತಳು. ನಾ ನಿಂತೆ. ಏಳೂ ಮಂದಿ ನಿಂತ್ವಿ. ಮೂರು ಸೆಕೆಂಡ್ ದಾಟಿತು ಅಂತ ಅಂಪೈರ್ ಸೀಟಿ ಊದಿ ಚೆಂಡು ಎದುರಿನವರಿಗೆ ಕೊಟ್ಟರು, ಆ ಸೀಟಿಗೆ ಮತ್ತಷ್ಟು ಗಟ್ಟಿಯಾಗಿ ನಿಂತ್ವಿ. ತಲಿ ಒಳಗ ಆಟ ನಡದೈತಿ ಅಂತ ಗೊತ್ತೈತಿ, ಕಾಲು ಮಾತ್ರ ಕೇಳವೊಲ್ವು. ಲೈಟಿನ ಕಂಬದ ನಡುವ ಹಾದು ಹೋದಂಗ ಆ ಹುಡುಗ್ಯಾರು ನಮ್ಮ ನಡುವ ಚೆಂಡು ಒಗಕೋತ ಹೋದರು. ನಾವೆಲ್ಲಾ ಅತ್ತಿ ಕಡೆ ನೋಡಿದ್ವಿ. ಅಕಿ ಚಪ್ಪಾಳಿ ಹೊಡದಿದ್ದರ ಸಾಕಿತ್ತು. ಗೆರಿ ಆಚಿ ಅತ್ತಿ ಎರಡೂ ಕೈ ಅರ್ಧಾ ಎತ್ತಿ, ಗ್ವಾಡಿ ಮ್ಯಾಲೆ ಕಾಣೂ ರೈಲಿನ ಕಡೆ ನೋಡಿಕೋತ ನಿಂತಿದ್ದಳು. ಅಕಿನೂ ಕಡೀ ಡಬ್ಬಿ ದಾಟೂದನ್ನ ಕಾಯಾಕತ್ತಿದ್ದಳು. ಚಪ್ಪಾಳಿ ಬಿತ್ತು, ಆದ್ರ ಅಷ್ಟರಾಗ ಚೆಂಡು ನಾವು ಕಾಯೂ ಬಳಿ ಒಳಗ ಬಿದ್ದು, ಆಟ ಮುಗದಿತ್ತು.

ಮಲ್ಲಯ್ಯ ತನ್ನ ಮಾತು ನಡಿಸಿದ, ಅತ್ತಿ ತನ್ನ ಮಾತು ಉಳಿಸಿಕೊಂಡಳು. ಮದುವಿಗೆ ಹೋಗಿ ಅಕ್ಕಿಕಾಳು ಹಾಕಿ ಬಂದು, ಆ ಗಾರ್ಡ್ ಸೀಟಿ ಕೊಬ್ಬರಿ ಎಣ್ಣ್ಯಾಗ ಒರಸಿ ಟ್ರಂಕಿನ್ಯಾಗ ಇಟ್ಟಳು. ಮತ್ತ ಎಂದೂ ಊದಲಿಲ್ಲ. ಕ್ಲಬ್ ಹಂಗೂ ಹಿಂಗೂ ಕೆಲವು ವರ್ಷ ನಡೀತು, ಒಬ್ಬೊಬ್ಬರ ಮದುವಿ ಆದಂಗ ಅಕ್ಷರದ ಪಟ್ಟಿ ಗೂಟಕ್ಕ ತೂಗು ಬಿದ್ದವು, ಕಟಗೊಳ್ಳಾಕ ಹುಡುಗ್ಯಾರು ಸಿಗಲಿಲ್ಲ. ಅಪ್ಪ ರಿಟೈರ್ ಆದ, ಕ್ವಾರ್ಟರ್ಸ್ ಕೆಡವಿದರು. ನಮ್ಮ ಕಂಬ ಇದ್ದಲ್ಲಿ ಈಗ ಸ್ಕೂಟರ್ ನಿಂದರತಾವ. ಕಡೀ ದಿನಗಳಾಗ ಅತ್ತಿ ನನ್ನ ಫ್ಲ್ಯಾಟಿನ್ಯಾಗ ಇದ್ದಳು. ಊಟ, ಗುಳಿಗಿ, ಏನರ ಮಾತಿನ ನಡುವ ಪದ್ಮಾನ ಹೆಸರು ಬಂದ ಬರತಿತ್ತು.

“ಅಷ್ಟು ವರ್ಷ ಕಲಿಸಿದೆ,” ಅಂತಿದ್ದಳು. “ಕಡೀಕ ಅಕಿಗೆ ನಾ ನಿಲ್ಲೂದೊಂದ ಕಲಿಸಿದಂಗಾತು ನೋಡವಾ.”

ಹೋದ ತಿಂಗಳು ಕೋಠಿಗೆ ಹೋಗಿ ಔಷಧಿ ತಗೊಂಡು, ಬರೂವಾಗ ಮಲ್ಕಾಜ್‌ಗಿರಿ ಸ್ಟೇಷನ್ನಿನ್ಯಾಗ ಇಳದೆ. ಎದುರಿನ ಪ್ಲಾಟ್‌ಫಾರ್ಮಿನಿಂದ ಒಂದು ಗಾಡಿ ಹೊಂಟಿತ್ತು. ಗಾರ್ಡ್ ಸೀಟಿ ಊದಿದ. ನನ್ನ ಕಾಲು ಎಂದಿನಂಗ ನಿಂತ್ವು, ಹಿಂದ ಬರಾಕತ್ತಿದ್ದಾಂವ ಡಿಕ್ಕಿ ಹೊಡದು ಬೈದು ಹೋದ. ಆವಾಗ ನೋಡಿದೆ, ಮುಂದ ಒಬ್ಬಾಕಿ ನಿಂತಾಳ. ನೆರತ ಕೂದಲಾ, ಒಂದು ಕೈಯಾಗ ಚೀಲ, ಇನ್ನೊಂದು ಕೈಯಾಗ ಸಣ್ಣ ಹುಡುಗಿ ಕೈ. ಮಂದಿಯೆಲ್ಲಾ ಸರದು ಹೋಗಾಕತ್ತಾರ, ಅಕಿ ಅಲ್ಲಾಡವಲ್ಲಳು. ಆ ಬೆನ್ನು ನನಗ ಗೊತ್ತಿತ್ತು. ಕಡೀ ಡಬ್ಬಿ ದಾಟಿದ ಮ್ಯಾಲೆ ಹೆಸರು ಹಿಡದು ಕರದೆ. ತಿರುಗಿದಳು, ಪದ್ಮಾನ.

ಮೊದಲ ಮಾತು, ಅತ್ತಿ ಹೆಂಗದಾಳ ಅಂತ. ನಾ ತಲಿ ಅಲ್ಲಾಡಿಸಿದೆ. ಅಕಿ ಚೀಲ ಕೆಳಗ ಇಟ್ಟು ಸೆರಗಿಲೆ ಕಣ್ಣು ಒರಸಿಕೊಂಡಳು. ಅತ್ತಿ ಕಡೀತನಕ ಏನಂತಿದ್ದಳು ಅನ್ನೂದನ್ನ ನನಗ ತಡಕೊಳ್ಳಾಕ ಆಗಲಿಲ್ಲ, ಹೇಳಿಬಿಟ್ಟೆ.

“ಹಂಗಂತಿದ್ದಳಾ?” ಅಂದಳು ಪದ್ಮಾ. “ನಮ್ಮನಿ ಬಾಗಲ ಮುಂದನ ಹಳಿ ಐತಿ. ಬಾಜುಮನ್ಯಾಗಿನ ಕೂಸು ಒಂದು ಗಾಡಿ ಕೆಳಗ ಸಿಕ್ಕು ಹೋತು. ನಾ ನಾಕು ಮಕ್ಕಳನ್ನ ಅಲ್ಲೇ ದೊಡ್ಡವರ ಮಾಡೀನಿ, ಈಗ ಈ ಮೊಮ್ಮಗಳು. ಅತ್ತಿ ಕಲಿಸಿದ್ದನ್ನ ಕಲಿಸಿ ಬೆಳಿಸೀನಿ. ನಮ್ಮವಕ್ಕ ಒಂದಕ್ಕೂ ಏನೂ ಆಗಲಿಲ್ಲ.”

ಈ ಮಾತು ಕೇಳಾಕ ಅತ್ತಿ ಇರಬೇಕಿತ್ತು. ಇನ್ನ ಬರೇ ಒಂದು ವರ್ಷ ಇದ್ದಿದ್ದರ ಸಾಕಿತ್ತು. ನನಗ ಅಳು ಬಂತು, ಸ್ಟೇಷನ್ ಅನ್ನೂದೂ ನೋಡದ ಅತ್ತಬಿಟ್ಟೆ. ನಾವಿಬ್ಬರೂ ಹಿಂಗ ಮಾತಾಡಿಕೋತ ಇದ್ದಾಗ ಆ ಸಣ್ಣ ಹುಡುಗಿ ಇದ್ದಲ್ಲೇ ನಿಂತಿತ್ತು. ಒಂದು ಕಾಲು ಮುಂದ, ಒಂದು ಕಾಲು ಹಿಂದ. ಗಾಡಿ ಹೋಗಿ ಎಷ್ಟೋ ಹೊತ್ತಾಗಿತ್ತು. ಅಜ್ಜಿ ಸೀರಿ ಜಗ್ಗಿ, ಅಮ್ಮಮ್ಮಾ ಚಪ್ಪಟ್ಲು ಅಂತ ತೆಲುಗಿನ್ಯಾಗ ಚಪ್ಪಾಳಿ ಕೇಳಿತು.

ಪದ್ಮಾ ಚಪ್ಪಾಳಿ ಹೊಡದಳು. ಕೂಸು ಕಾಲು ಎತ್ತಿತು. ಆಮ್ಯಾಲೆ ನಾನೂ ಎತ್ತಿದೆ.