ಸೆರಗಿನ ಮೇಲೊಂದು ಹುಲ್ಲಿನ ಟೋಪಿ

ನಾಗಪುರದ ಬೇಸಿಗೆಯಲ್ಲಿ ಚೆಂದ ಕಾಣುವುದರ ಮಾತನ್ನು ಯಾರೂ ಆಡುವುದಿಲ್ಲ. ಮೇ ತಿಂಗಳು ಬಂತೆಂದರೆ ಸ್ಕೂಟರಿನ ಮೇಲೆ ಹೋಗುವ ಹುಡುಗಿಯರು ಕಣ್ಣೆರಡು ಬಿಟ್ಟು ಉಳಿದ ಮುಖವನ್ನೆಲ್ಲ ಓಢಣಿಯಲ್ಲಿ ಬಿಗಿದು ಕಟ್ಟಿಕೊಳ್ಳುತ್ತಾರೆ. ಹೆತ್ತವ್ವ ಎದುರಿಗೆ ಬಂದರೂ ಗುರುತು ಹತ್ತುವುದಿಲ್ಲ. ಗಂಡಸರು ಒದ್ದೆ ಟವೆಲನ್ನು ತಲೆಗೆ ಸುತ್ತಿ, ಜೇಬಿನಲ್ಲಿ ಒಂದು ಈರುಳ್ಳಿ ಇಟ್ಟುಕೊಂಡು ಹೊರಬೀಳುತ್ತಾರೆ. ಬಿಸಿಲು ಬಡಿಯದಿದ್ದರೆ ಸಾಕು, ಉಳಿದದ್ದೆಲ್ಲ ದೀಪಾವಳಿಗೆ ನೋಡಿಕೊಂಡರಾಯಿತು ಎನ್ನುವ ಊರು ಇದು.

ಅಂಥ ಊರಿನಲ್ಲಿ ನನ್ನ ಮನಸ್ಸು ಒಂದು ಹುಲ್ಲಿನ ಟೋಪಿಯ ಮೇಲೆ ಹೋಯಿತು. ನಾನು ಹೋದದ್ದು ಪಕ್ಕದ ಊರು ಕಾಮಠಿಗೆ, ಅತ್ತೆಗೊಂದು ಕೈಮಗ್ಗದ ಸೀರೆ ತರಲು. ಸೀರೆ ಅಂಗಡಿಯ ಪಕ್ಕದ ನೆರಳಿನಲ್ಲಿ ಒಬ್ಬಾಕೆ ಕುಳಿತು ಗೋಧಿಯ ಹುಲ್ಲನ್ನು ಜಡೆ ಹಾಕಿದ ಹಾಗೆ ಹೆಣೆಯುತ್ತಿದ್ದಳು. ಆ ಜಡೆಯನ್ನೇ ನೆತ್ತಿಯಿಂದ ಸುತ್ತುತ್ತ ಸುತ್ತುತ್ತ ಹೊಲಿದರೆ ಟೋಪಿ. "ಪೆಹೆನ್‌ಕೇ ದೇಖೋ, ದೀದಿ" ಎಂದಳು. ಹಾಕಿಕೊಂಡೆ. ಅಬ್ಬಾ! ತಲೆಯ ಮೇಲೆ ಒಂದು ವಸ್ತು ಇದೆ ಎಂದೇ ಅನ್ನಿಸಲಿಲ್ಲ.

ಬಣ್ಣವಿಲ್ಲ, ರಿಬ್ಬನ್ನಿಲ್ಲ, ಕಂಪನಿಯ ಹೆಸರಿಲ್ಲ. ಹುಲ್ಲಿನ ಬಣ್ಣವೇ ಅದರ ಬಣ್ಣ. ಅಂಚು ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಆಕೆಯ ಕೈ ಎಲ್ಲಿ ಬಿಗಿ ಹಿಡಿದಿತ್ತು, ಎಲ್ಲಿ ಸಡಿಲ ಬಿಟ್ಟಿತ್ತು ಎನ್ನುವುದು ಬೆರಳಿಗೆ ತಿಳಿಯುತ್ತಿತ್ತು. ಹೆಣಿಗೆಯ ಸಂದಿಯಿಂದ ಬಿಸಿಲು ಸಣ್ಣ ಸಣ್ಣ ಚುಕ್ಕೆಯಾಗಿ ಕೆನ್ನೆಯ ಮೇಲೆ ಬೀಳುತ್ತಿತ್ತು. ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡೆ. ನಾನು ಉಟ್ಟಿದ್ದ ಮಾಸಲು ನೀಲಿ ಹತ್ತಿ ಸೀರೆಗೂ ಆ ಟೋಪಿಗೂ ಹುಟ್ಟಿನಿಂದ ಪರಿಚಯ ಇದ್ದಂತಿತ್ತು. ನನ್ನನ್ನು ನಾನೇ ಮೆಚ್ಚಿಕೊಂಡೆ. ಯಾಕೆ ಮೆಚ್ಚಿಕೊಳ್ಳಬಾರದು? ಸೀರೆಯ ಜೊತೆಗೆ ಅದನ್ನೂ ಕಟ್ಟಿಸಿಕೊಂಡು ನಾಗಪುರದ ವಾಡಿ ಬಡಾವಣೆಯ ನಮ್ಮ ಮನೆಗೆ ಬಂದೆ.

ಮನೆಯಲ್ಲಿ ಆಗ ಗಾಳಿ ಸರಿ ಇರಲಿಲ್ಲ. ನನ್ನ ಗಂಡ ರೈಲ್ವೆಯವರು. ಬಾಗಲಕೋಟೆ ಕಡೆಯಿಂದ ವರ್ಗವಾಗಿ ಇಲ್ಲಿಗೆ ಬಂದಾಗ ಅತ್ತೆಯೂ ನಮ್ಮ ಜೊತೆ ಬಂದರು. ಬಂದ ವರ್ಷದಿಂದಲೂ ಬೇಸಿಗೆಯಲ್ಲಿ ತಾರಸಿ ಅತ್ತೆಯದು. ಸಂಡಿಗೆ, ಹಪ್ಪಳ, ಶಾವಿಗೆ ಎಲ್ಲ ಅವರ ಕೈಯಿಂದಲೇ ಆಗಬೇಕು. ಅಕ್ಕಪಕ್ಕದ ಮರಾಠಿ ಹೆಂಗಸರು "ಆಜೀ, ಹಿಟ್ಟು ಬರೋಬರ್ ಆಯ್ತಾ ನೋಡಿ" ಎಂದು ಪಾತ್ರೆ ಹಿಡಿದು ಇವರ ಹತ್ತಿರ ಬರುತ್ತಿದ್ದರು. ಹೋದ ಬೇಸಿಗೆಯಲ್ಲಿ ಅತ್ತೆ ಸಂಡಿಗೆ ಇಡುತ್ತ ಇಡುತ್ತ ಮಧ್ಯಾಹ್ನ ಮಾಡಿಕೊಂಡು, ತಾರಸಿಯ ಮೇಲೆಯೇ ತಲೆ ತಿರುಗಿ ಬಿದ್ದುಬಿಟ್ಟರು. ಡಾಕ್ಟರು ಹೇಳಿದ್ದು ಇಷ್ಟು: ಬೆಳಿಗ್ಗೆ ಒಂಬತ್ತರ ನಂತರ ಬಿಸಿಲಿಗೆ ಹೋಗಬೇಡಿ, ತಲೆಗೆ ನೆರಳಿರಲಿ. ನಮ್ಮವರ ಕಿವಿಗೆ ಬಿದ್ದದ್ದು "ಹೋಗಬೇಡಿ" ಎನ್ನುವುದೊಂದೇ. ಈ ವರ್ಷ ಬಿಸಿಲು ಏರುತ್ತಲೇ ತಾರಸಿಯ ಬಾಗಿಲಿಗೆ ಬೀಗ ಬಿತ್ತು.

"ಸಂಡಿಗಿ ಅಂಗಡ್ಯಾಗ ಸಿಗತಾವಲ್ಲವಾ" ಎಂದರು ನಮ್ಮವರು.

"ಎಲ್ಲಾ ಅಂಗಡ್ಯಾಗ ಸಿಗೂದಾದ್ರ ಮನ್ಯಾಗ ನಾ ಯಾಕಪಾ?" ಎಂದರು ಅತ್ತೆ. ಅಷ್ಟು ಹೇಳಿ ಕೂಲರಿನ ಮುಂದೆ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಹೊತ್ತುಹೊತ್ತಿಗೆ ಊಟಕ್ಕೂ ಏಳುತ್ತಿರಲಿಲ್ಲ. ಇಬ್ಬರ ಮಾತೂ ಸರಿಯೇ, ಯಾರಿಗೆ ಬುದ್ಧಿ ಹೇಳಲಿ?

ಕಾಮಠಿಯಿಂದ ಬಂದವಳು ಟೋಪಿಯನ್ನು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದೆ. ತಿರುಗಿ ಬಂದು ನೋಡುತ್ತೇನೆ, ಮೇಜಿನ ಮೇಲೆ ಟೋಪಿ ಇಲ್ಲ! ಅತ್ತೆ ಬಾಲ್ಕನಿಯಲ್ಲಿ ಕುಳಿತು ಅದನ್ನು ಅಂಗಾತ ಮಾಡಿ, ಮಜ್ಜಿಗೆಯಲ್ಲಿ ನೆನೆದ ಮೆಣಸಿನಕಾಯಿಯನ್ನು ಒಂದೊಂದಾಗಿ ಅದರೊಳಗೆ ಜೋಡಿಸುತ್ತಿದ್ದಾರೆ.

"ಎಂಥಾ ಚಲೋ ಬುಟ್ಟಿ ತಂದೀಯವಾ!"

"ಅಯ್ಯಯ್ಯ ಅತ್ತೀ, ಬುಟ್ಟಿ ಅಲ್ಲರೀ ಅದು! ತಲೀಗಿ ಹಾಕ್ಕೊಳ್ಳೂ ಟೋಪಿ!"

"ಟೋಪಿ? ಹಂಗಾರ ಬಾಯಿ ಯಾಕ ಇಷ್ಟ ಅಗಲ ಮಾಡ್ಯಾರ? ಒಂದ್ ಶೇರ್ ಮೆಣಸಿನಕಾಯಿ ಹಿಡಿಸ್ತಾವು ನೋಡು."

ಮೈಯೆಲ್ಲ ಉರಿಯಿತು. ಆದರೆ ಗೋಡೆ ನೋಡುತ್ತ ಮಲಗಿದ್ದ ಹೆಂಗಸು ಎದ್ದು ಕುಳಿತು ಏನೋ ಒಂದು ಮಾಡುತ್ತಿದ್ದಾಳಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಹಾಳಾಗಿ ಹೋಗಲಿ ಟೋಪಿ.

ಒಂದೆರಡು ದಿನ ಕಳೆದ ಮೇಲೆ ಅತ್ತೆಯೇ ನನ್ನನ್ನು ಕೂಗಿ ಕರೆದರು. ಸ್ಟೀಲ್ ತಟ್ಟೆಯಲ್ಲಿ ಇಟ್ಟಿದ್ದ ಮೆಣಸಿನಕಾಯಿ ಕೆಳಗಡೆ ಇನ್ನೂ ಮೆತ್ತಗೆ ಬೆವತುಕೊಂಡಿತ್ತು. ಟೋಪಿಯೊಳಗಿನದು ಮುರಿದರೆ ಪಟ್ಟೆನ್ನುತ್ತಿತ್ತು.

"ನೋಡ್ದೇನವಾ, ಇದರಾಗ ಕೆಳಗಿಂದ ಗಾಳಿ ಆಡತೈತಿ. ಬೆವರು ನಿಂದ್ರೂದಿಲ್ಲ." ಅತ್ತೆ ಟೋಪಿಯನ್ನು ಖಾಲಿ ಮಾಡಿ, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಹೆಣದಾಕಿ ಕೈ ಚಲೋ ಐತಿ ಬಿಡು. ಹುಲ್ಲ ಎಲ್ಲೂ ಮುರದಿಲ್ಲ." ಮತ್ತೆ ಅಂಚಿನ ಮೇಲೆ ಬೆರಳಾಡಿಸಿ, "ಮೆಣಸಿನಕಾಯಿಗಿ ಗಾಳಿ ಆಡ್ತಂದ್ರ ತಲೀಗೂ ಆಡಬೇಕಲ್ಲ" ಎಂದರು.

ತಲೆ ತುಂಬ ಸೆರಗು ಹೊದೆಯದೆ ಅತ್ತೆ ಬಾಗಿಲಾಚೆ ಕಾಲಿಟ್ಟವರಲ್ಲ. ಸೆರಗಿನ ಮೇಲೆಯೇ ಟೋಪಿ ಇಟ್ಟುಕೊಂಡರು. ನಾನು ನಗಲು ಸಿದ್ಧಳಾಗಿ ನಿಂತಿದ್ದವಳು ನಗಲಾರದೆ ನೋಡುತ್ತ ನಿಂತೆ. ಆ ಸುಕ್ಕು ಬಿದ್ದ ಹಣೆ, ಇಳಕಲ್ ಸೀರೆಯ ಕೆಂಪು ಸೆರಗು, ಅದರ ಮೇಲೆ ಹುಲ್ಲಿನ ಬಣ್ಣದ ಅಗಲ ಅಂಚು! ನಾನು ಹಾಕಿಕೊಂಡಾಗ ಟೋಪಿ ಹಾಕಿಕೊಂಡವಳ ಹಾಗೆ ಕಂಡಿದ್ದೆ. ಅತ್ತೆ ಅತ್ತೆಯ ಹಾಗೆಯೇ ಕಂಡರು, ಇನ್ನಷ್ಟು ಚೆಂದವಾಗಿ. "ದೃಷ್ಟಿ ತಗೀಬೇಕ್ರಿ ನಿಮಗ" ಎಂದೆ. "ಸುಮ್ಮನಿರವಾ, ಮಜ್ಜಿಗಿ ನಾತ ಹೊಡೀತೈತಿ" ಎಂದರು, ಆದರೆ ಕನ್ನಡಿಯ ಕಡೆ ಒಮ್ಮೆ ತಿರುಗಿ ನೋಡಿದ್ದು ನನಗೆ ಕಾಣದೆ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮವರು ಸಂತೆಗೆ ಹೋದದ್ದೇ ತಡ, ನಾನು ಬೀಗ ತೆಗೆದೆ. ಬೈಸಿಕೊಳ್ಳುವುದಿದ್ದರೆ ಬೈಸಿಕೊಂಡರಾಯಿತು. ಅಕ್ಕಿ ಹಿಟ್ಟಿನ ಪಾತ್ರೆ ನನ್ನ ಸೊಂಟದ ಮೇಲೆ, ಹಳೆಯ ಧೋತರ ಅತ್ತೆಯ ಹೆಗಲ ಮೇಲೆ. ಧೋತರ ಹಾಸಿ, ಟೋಪಿ ಇಟ್ಟುಕೊಂಡು ಕುಳಿತು, ಬೆರಳ ತುದಿಯಿಂದ ಸಂಡಿಗೆ ಇಡತೊಡಗಿದರು. ಅವರು ಬಗ್ಗಿದಾಗ ಟೋಪಿಯ ನೆರಳು ಮುಖ, ಕತ್ತು, ಅರ್ಧ ಬೆನ್ನನ್ನೂ ಮುಚ್ಚುತ್ತಿತ್ತು. ವರ್ಷವಾದ ಮೇಲೆ ಅತ್ತೆಯ ಬಾಯಲ್ಲಿ ಒಂದು ಹಾಡು ಬಂತು.

ಹಾಡು ಮುಗಿಯುವ ಮೊದಲೇ ಮೆಟ್ಟಿಲ ಮೇಲೆ ದಡದಡ ಸಪ್ಪಳ. ನಮ್ಮವರು ಜಲ್ದಿ ಬಂದುಬಿಟ್ಟಿದ್ದರು. ಕೈಯಲ್ಲಿ ಕಾಯಿಪಲ್ಯದ ಚೀಲ ಹಾಗೆಯೇ ಇತ್ತು.

"ಏನ್ ನಡಸೀರಿ ಇಬ್ರೂ? ಅವ್ವಾ, ಹೋದ ವರ್ಷ ನಿನ್ನ ಎತಕೊಂಡು ಈ ಮೆಟ್ಟಲಾ ಇಳದಾವ ನಾನು. ನೀ ಕಣ್ಣ ತಗೀಲೇ ಇಲ್ಲ. ಇನ್ನೊಮ್ಮೆ ನನ್ನ ಕಡೆ ಆಗೂದಿಲ್ಲ, ತಿಳೀತಾ?" ಇಷ್ಟು ದಿನ ಸಿಟ್ಟು ಎಂದುಕೊಂಡಿದ್ದೆ ನಾನು. ಅದು ಬರೀ ಹೆದರಿಕೆ ಎಂದು ಆಗ ಗೊತ್ತಾಯಿತು.

ಅತ್ತೆ ಸಿಟ್ಟಾಗಲಿಲ್ಲ. "ಬಾ ಇಲ್ಲೆ" ಎಂದರು. ಬಂದು ಮುಂದೆ ನಿಂತ ಮಗನ ಕೈ ಹಿಡಿದೆಳೆದು, ಟೋಪಿಯನ್ನು ಸ್ವಲ್ಪ ಎತ್ತಿ, ಆ ಕೈಯನ್ನು ತಮ್ಮ ನೆತ್ತಿಯ ಮೇಲೆ ಇಟ್ಟುಕೊಂಡರು. "ನೋಡು. ಸುಡತೈತೇನು?"

ನಮ್ಮಲ್ಲಿ ಹಿರಿಯರು ಕಿರಿಯರ ತಲೆಯ ಮೇಲೆ ಕೈ ಇಡುತ್ತಾರೆ. ಮಗ ತಾಯಿಯ ತಲೆಯ ಮೇಲೆ ಕೈಯಿಟ್ಟು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಸುಡುತ್ತಿರಲಿಲ್ಲ ಎಂದು ಅವರ ಮುಖ ನೋಡಿದರೇ ತಿಳಿಯಿತು. ಆದರೂ ಕೈ ತೆಗೆಯಲಿಲ್ಲ. "ಒಂಬತ್ತಕ್ಕ ಇಳೀಬೇಕು, ದಿನಾ" ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

"ಹೂಂನಪಾ" ಎಂದ ಅತ್ತೆ, ಹಿಟ್ಟು ಮೆತ್ತಿದ ತಮ್ಮ ಕೈ ಎತ್ತಿ ಮಗನ ಬೋಳು ನೆತ್ತಿ ಮುಟ್ಟಿ ನೋಡಿದರು. "ಅಯ್ಯ ಶಿವನ, ನಿಂದ ಕಾದ ಹಂಚಾಗೇತಲ್ಲೋ! ನೀ ಮೊದಲ ಕೆಳಗ ನಡಿ."