ಎರ್ಮಾಳಿನ ಬೆಚ್ಚಗಿನ ನೀರು

ಕಾಪುವಿನಿಂದ ಕಡಲಬದಿಯ ರಸ್ತೆಯಲ್ಲಿ ಹೊರಟವನು ಎರ್ಮಾಳಿನಲ್ಲಿ ಜನ ಹಗ್ಗ ಎಳೆಯುವುದನ್ನು ಕಂಡು ಸ್ಕೂಟರ್ ನಿಲ್ಲಿಸಿದೆ. ಅದು ಕೈರಂಪಣಿ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಡದಿಂದ ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು, ದಾರಿಹೋಕನಿಗೂ. ತಂಡದ ಹಿರಿಯ ಭೋಜಣ್ಣ ನನ್ನನ್ನೂ ಕರೆದರು.

ಮೊಣಕಾಲುದ್ದ ನೀರಿಗಿಳಿದು ಹಗ್ಗ ಹಿಡಿದೆ. "ನೀರು ಎಷ್ಟು ಬೆಚ್ಚಗಿದೆ! ಕಾಲಿಗೆ ಹಿತವಾಗಿದೆ" ಎಂದೆ.

ಭೋಜಣ್ಣ ನಗಲಿಲ್ಲ. "ಅದೇ ತೊಂದರೆ ಮಾರಾಯ್ರೆ. ಮಳೆಗಾಲದಲ್ಲಿ ಕಡಲಿನ ಸೆಳೆತ ತೆಂಕಕ್ಕೆ ಜೋರಾಗಿ ಹರಿದರೆ ಅಡಿಯ ತಣ್ಣೀರು ದಡದ ಹತ್ತಿರ ಮೇಲೆ ಬರ್ತದೆ. ಅದರ ಹಿಂದೆಯೇ ಬೂತಾಯಿ ಮೀನು ಬರ್ತದೆ. ಈ ವರ್ಷ ಸೆಳೆತಕ್ಕೆ ಬಲವೇ ಇಲ್ಲ. ಮೊದಲೂ ಹೀಗೆ ಆದದ್ದುಂಟು, ಈಗೀಗ ಜಾಸ್ತಿ."

ಬಲೆ ದಡಕ್ಕೆ ಬಂತು. ಒಳಗೆ ಮೈಗೆ ತಾಗಿದರೆ ತುರಿಸುವ ಲೋಳೆಮೀನಿನ ರಾಶಿ, ಬುಟ್ಟಿಯ ತಳವೂ ಮುಚ್ಚದಷ್ಟು ಬೂತಾಯಿ. ಭೋಜಣ್ಣ ಮರಳಿನ ಮೇಲೆ ಪಾಲು ಇಡತೊಡಗಿದರು, ಒಬ್ಬೊಬ್ಬರಿಗೆ ಎರಡೆರಡು ಮೀನು. ನನ್ನದನ್ನೂ ಇಟ್ಟರು.

"ನನಗೆ ಬೇಡ, ನೀವೇ ಇಟ್ಟುಕೊಳ್ಳಿ" ಎಂದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಭೋಜಣ್ಣನ ಮುಖ ಸಪ್ಪಗಾಯಿತು. "ಹಾಗೆ ಹೇಳ್ಬೇಡಿ. ಮೀನು ಸಿಗದೇ ಇರುವುದು ನಮಗೆ ಹೊಸತಲ್ಲ. ಹಗ್ಗ ಹಿಡಿದವರನ್ನು ಬರಿಗೈಯಲ್ಲಿ ಕಳಿಸಿದ್ದು ಮಾತ್ರ ಇವತ್ತಿನವರೆಗೆ ಇಲ್ಲ."

ನಾನು ಎರಡೂ ಕೈ ಒಡ್ಡಿದೆ. ಅಷ್ಟು ಮೀನಿಗೆ ಒಂದೇ ಕೈ ಸಾಕಿತ್ತು.