ಲೊರೇನ್ ತಲೆಯಾಡಿಸುವುದನ್ನು ಬಿಟ್ಟದ್ದು

ಲೊರೇನ್ ಹಾರ್ಗ್ರೀವ್ಸ್ ಜನ್ಮದಲ್ಲಿ ಯಾರಿಗೂ ಇಲ್ಲ ಅಂದವಳಲ್ಲ. ದೊಡ್ಡ ಮನಸ್ಸಿನಿಂದ ಎಂದು ತಿಳಿಯಬೇಡಿ. ಎದುರಿಗಿದ್ದವರು ಏನು ಹೇಳಿದರೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ಹುಟ್ಟು ಕಿವುಡಿ. ತುಟಿ ನೋಡಿ ಅರ್ಧ ಊಹಿಸುತ್ತಿದ್ದಳು. ಉಳಿದರ್ಧಕ್ಕೆ ಕೋಲೆ ಬಸವನ ಹಾಗೆ ತಲೆಯಾಡಿಸಿ, ಎರಡೂ ಕೆನ್ನೆಯಲ್ಲಿ ಗುಳಿ ಬೀಳುವಂತೆ ನಕ್ಕುಬಿಡುತ್ತಿದ್ದಳು. ಹಾಗೆ ತಲೆಯಾಡಿಸಿಯೇ ಒಂದು ಸಲ ಪಾರ್ಲರಿನಿಂದ ಕುರಿಯ ಉಣ್ಣೆಯಂಥ ಗುಂಗುರು ಕೂದಲು ಮಾಡಿಸಿಕೊಂಡು ಬಂದಳು. ಇನ್ನೊಂದು ಸಲ ಕಾರ್ಖಾನೆಯ ಮೇಸ್ತ್ರಿ ಏನೋ ಕೇಳಿದ, ಇವಳು ಹೂಂ ಅಂದಳು. ಶನಿವಾರ ಬೆಳಗ್ಗೆ ಆತ ಮನೆ ಬಾಗಿಲಿಗೆ ಬಂದು ಒಂದು ಮುದಿ ಬೆಕ್ಕನ್ನು ಬುಟ್ಟಿಸಮೇತ ಕೊಟ್ಟು ಹೋದ. ಬೆಕ್ಕು ಸಾಯುವವರೆಗೂ ಇವಳ ಸೋಫಾದ ಮೇಲೇ ಇತ್ತು.

ನಗಬೇಡಿ. ನಮ್ಮ ಕಣಿವೆಯ ಕಿವುಡರಲ್ಲಿ ಈ ಚಟ ಇಲ್ಲದ ಹಿರಿಯರೇ ಇಲ್ಲ. ಅವರ ಕಾಲದ ಶಾಲೆಯಲ್ಲಿ ಕೈಮಾತು ಆಡಿದರೆ ಆ ಕೈಗಳ ಮೇಲೇ ಕೂರಬೇಕಿತ್ತು. ಟೀಚರು ಬಾಯಿ ಅಗಲಿಸಿ "ತಿಳೀತಾ?" ಅನ್ನುವಳು. ತಿಳಿಯಲಿಲ್ಲ ಅಂದರೆ ಅದೇ ಪಾಠ, ಅದೇ ಬಾಯಿ, ಮತ್ತೆ ಮೊದಲಿನಿಂದ. ತಲೆಯಾಡಿಸಿದರೆ ನಕ್ಕು ಮುಂದಿನ ಮಗುವಿನ ಹತ್ತಿರ ಹೋಗುವಳು. ಇಂಥ ಕಡೆ ಯಾವ ಮಗು ತಾನೆ ತಲೆಯಾಡಿಸುವುದನ್ನು ಕಲಿಯುವುದಿಲ್ಲ, ಹೇಳಿ.

ನಾನು ಗೇಲ್. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ನನ್ನ ಅಮ್ಮನೂ ಕಿವುಡಿ. ಕಾರ್ಖಾನೆಯಲ್ಲಿ ಲೊರೇನಳ ಪಕ್ಕದ ಮಷೀನಿನಲ್ಲಿ ಕೂತು ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿ ಹೊಲಿದೇ ಅಮ್ಮ ನನ್ನನ್ನು ಸಾಕಿದಳು. ಅಮ್ಮ ಹೋದ ಮೇಲೆ ನನಗೆ ಉಳಿದವಳು ಲೊರೇನ್ ಆಂಟಿ. ನನಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ, ಆದರೆ ಮೊದಲು ಬಂದದ್ದು ಕೈಮಾತು. ಇಲ್ಲಿ ಆಂಟಿ ಆಡುವುದೆಲ್ಲ ಕೈಮಾತೇ. ಅದನ್ನು ಬಾಯಿಮಾತಿನ ಹಾಗೇ ಬರೆಯುತ್ತಿದ್ದೇನೆ, ನಮಗೆ ಎರಡೂ ಒಂದೇ.

ಗುರುವಾರ ಸಂಜೆ ಕಿವುಡರ ಕ್ಲಬ್ಬು. ಹಳೆಯ ಚರ್ಚಿನ ಹಿಂದಿನ ಸಭಾಂಗಣ, ಟೀ, ಆಲೂಗಡ್ಡೆ ಹಾಕಿದ ಮಾಂಸದ ಪೈ, ಬಿಂಗೋ ಎಂಬ ಅಂಕಿಯಾಟ. ಬಿಂಗೋ ನೆಪ ಮಾತ್ರ. ವಾರವಿಡೀ ಕಿವಿ ಕೇಳುವವರ ನಡುವೆ ಬಾಯಿ ಕಟ್ಟಿಕೊಂಡಿದ್ದವರು ಅಲ್ಲಿ ಬಂದು ಕೈ ಸೋಲುವವರೆಗೆ ಮಾತಾಡುತ್ತಾರೆ. ಯಾರ ಮಗಳು ಬಸಿರಾದಳು, ಯಾರ ಗಂಡ ಯಾರ ಜೊತೆ ಕಾಣಿಸಿಕೊಂಡ, ಎಲ್ಲ ಅಲ್ಲೇ. ಆಂಟಿ ಅಲ್ಲಿ ತಲೆಯಾಡಿಸುತ್ತಿರಲಿಲ್ಲ. ಅಲ್ಲಿ ಅವಳು ಜಗಳಗಂಟಿ, ಚಾಡಿಕೋರಿ, ಎಲ್ಲರಿಗಿಂತ ಜೋರಾಗಿ ನಗುವವಳು.

ನಲವತ್ತು ದಾಟಿದ ಮೇಲೆ ಅವಳ ಕಣ್ಣು ಅಂಚಿನಿಂದ ಮುಚ್ಚುತ್ತಾ ಬಂತು. ಕಿವಿಯ ಜೊತೆಗೇ ಹುಟ್ಟಿದ ಕಾಯಿಲೆಯಂತೆ, ನಿಧಾನವಾಗಿ ಬರುವಂಥದ್ದು. ಐವತ್ತೇಳರ ಹೊತ್ತಿಗೆ ಎದುರಿಗೆ ಊಟದ ತಟ್ಟೆಯಗಲ ಕಾಣುತ್ತಿತ್ತು, ಸುತ್ತ ಏನೂ ಇಲ್ಲ. ಕತ್ತಲಾದರೆ ಅದೂ ಇಲ್ಲ. ಚಳಿಗಾಲದಲ್ಲಿ ನಮ್ಮಲ್ಲಿ ಶಾಲೆ ಬಿಡುವಷ್ಟರಲ್ಲೇ ಕತ್ತಲು. ಬಸ್ ಸ್ಟಾಪಿನ ಹತ್ತಿರ ಬಿದ್ದು ಮೊಣಕೈ ಮುರಿದುಕೊಂಡ ಮೇಲೆ ಆಂಟಿ ಕ್ಲಬ್ಬಿಗೆ ಹೋಗುವುದನ್ನೇ ನಿಲ್ಲಿಸಿದಳು. ನನಗೆ ಬಿಡುವಾದಾಗ ಕರೆದುಕೊಂಡು ಹೋಗುತ್ತಿದ್ದೆ, ಆದರೆ ಗುರುವಾರ ಸಂಜೆ ನನಗೆ ಇನ್ನೊಂದು ಕಡೆ ನೆಲ ಒರೆಸುವ ಕೆಲಸ. ಒಂದು ಸಲ ಹದಿನೈದು ದಿನ ಬಿಟ್ಟು ಅವಳ ಮನೆಗೆ ಹೋದೆ. ಹೇಗಿದ್ದೀಯ ಅಂದೆ. ಅವಳ ಕೈಗಳು ತಡವರಿಸಿದವು. ಬೆರಳುಗಳಿಗೆ ಮಾತು ಹುಡುಕಬೇಕಾಗಿ ಬಂದಿತ್ತು. ಕಾರ್ಖಾನೆ ಬಿಟ್ಟಾಗಿತ್ತು, ಮನೆಯಲ್ಲಿ ಒಬ್ಬಳೇ, ಎರಡು ವಾರ ಯಾರ ಹತ್ತಿರವೂ ಒಂದು ಮಾತೂ ಆಡಿರಲಿಲ್ಲ. ನನಗೆ ಆವತ್ತು ನಿಜವಾಗಿ ಭಯವಾಯಿತು. ಹೀಗೇ ಬಿಟ್ಟರೆ ಇನ್ನೊಂದು ಚಳಿಗಾಲಕ್ಕೆ ಇವಳ ಮಾತೇ ನಿಂತುಹೋಗುತ್ತದೆ ಅನ್ನಿಸಿತು.

ಅಂಗವಿಕಲರ ಭತ್ಯೆ ಸಿಕ್ಕಿದರೆ, ಕೈಮಾತು ಬಲ್ಲ ಒಬ್ಬ ಸಹಾಯಕಿಯನ್ನು ಗುರುವಾರದ ಮಟ್ಟಿಗೆ ಇಟ್ಟುಕೊಳ್ಳಬಹುದು. ನಮಗೆ ಬೇಕಿದ್ದದ್ದು ಅಷ್ಟೇ. ಅರ್ಜಿ ಹಾಕಿದೆವು.

ಅರ್ಜಿಯ ಮೊದಲ ಪುಟದಲ್ಲೇ ಕಿವುಡಿ ಎಂದು ಬರೆದಿತ್ತು. ಕಚೇರಿಯವರು ಫೋನ್ ಮಾಡಿದರು. ಕಿವುಡನ ಮುಂದೆ ಕಿನ್ನರಿ ಅನ್ನುವುದನ್ನು ಗಾದೆ ಅಂದುಕೊಂಡಿದ್ದೆ, ಸರ್ಕಾರ ಅದನ್ನೊಂದು ಪದ್ಧತಿ ಮಾಡಿಕೊಂಡಿದೆ. ಆಂಟಿಯ ಮೊಬೈಲು ಮೇಜಿನ ಮೇಲೆ ಗಿರಗಿರ ತಿರುಗಿ ಸುಮ್ಮನಾಗುತ್ತಿತ್ತು. ಕೊನೆಗೆ ನಾನೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರಿಗೆ ಫೋನ್ ಮಾಡಿದೆ.

"ಲೊರೇನ್ ಅವ್ರೇ ಮಾತಾಡ್ಬೇಕು ಮೇಡಂ" ಅಂದ ಆಚೆಯವನು.

"ಅವ್ರಿಗೆ ಕಿವಿ ಕೇಳ್ಸಲ್ಲಪ್ಪಾ."

"ಪರವಾಗಿಲ್ಲ. ಅವ್ರ ಪರವಾಗಿ ನೀವು ಮಾತಾಡ್ಬೋದಾ ಅಂತ ನಾನು ಕೇಳ್ತೀನಿ, ಹೂಂ ಅಂದ್ರೆ ಸಾಕು."

"ನೀವು ಕೇಳೋದೇ ಅವ್ರಿಗೆ ಕೇಳ್ಸಲ್ವಲ್ಲಾ!"

"ಗಟ್ಟಿಯಾಗಿ ಕೇಳ್ಲಾ?" ಅಂದ.

"ಏನಂತೆ?" ಅಂದಳು ಆಂಟಿ ನನ್ನ ಮುಖ ನೋಡಿ.

"ಗಟ್ಟಿಯಾಗಿ ಕೇಳ್ತಾನಂತೆ."

ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ, ನನ್ನ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು.

ಅಂತೂ ಸಂದರ್ಶನಕ್ಕೆ ಕರೆ ಬಂತು. ನನಗೆ ಕೆಲಸವಿತ್ತು, ಟ್ಯಾಕ್ಸಿ ಹತ್ತಿಸಿ ಕಳಿಸಿದೆ. ಅಲ್ಲಿ ಕೈಮಾತಿನ ದುಭಾಷಿ ಇರುತ್ತಾರೆ ಅಂದುಕೊಂಡಿದ್ದೆವು. ಕೇಳದೆ ಹೇಗೆ ಇರುತ್ತಾರೆ? ನಾವು ಕೇಳಿರಲೇ ಇಲ್ಲ. ಕಿವುಡಿ ಅಂತ ಬರೆದರೆ ಸಾಕು, ಉಳಿದದ್ದು ಅವರಿಗೇ ಹೊಳೆಯುತ್ತದೆ ಅಂದುಕೊಂಡಿದ್ದು ನಮ್ಮ ಪೆದ್ದುತನ. ಒಬ್ಬ ಗಡ್ಡದ ಹುಡುಗ, ಕಿಟಕಿಗೆ ಬೆನ್ನು ಹಾಕಿ ಕೂತು ಒಂದು ಗಂಟೆ ಪ್ರಶ್ನೆ ಕೇಳಿದನಂತೆ. ಬೆಳಕಿಗೆ ಅವನ ಮುಖವೇ ಕಪ್ಪು. ತುಟಿ ಎಲ್ಲಿ, ಗಡ್ಡ ಎಲ್ಲಿ.

ಕೆಲವು ವಾರಕ್ಕೆ ಉತ್ತರ ಬಂತು, ಇರುವೆ ಸಾಲಿನಂಥ ಬೂದು ಅಕ್ಷರದಲ್ಲಿ. ಆಂಟಿ ನನಗೆ ತಂದುಕೊಟ್ಟಳು. ಅರ್ಜಿದಾರರು ಪ್ರಶ್ನೆಗಳಿಗೆ ಸರಿಯಾಗಿ ತಲೆಯಾಡಿಸಿದರು, ನಗುಮುಖದಿಂದ ಇದ್ದರು, ಸಂವಹನಕ್ಕೆ ತೊಂದರೆ ಕಂಡುಬರಲಿಲ್ಲ. ಭತ್ಯೆ ಇಲ್ಲ.

"ಅವನು ಕೇಳಿದ್ದು ಗೊತ್ತಾಯ್ತಾ ನಿಂಗೆ?" ಅಂದೆ.

ತಲೆಯಾಡಿಸಿದಳು.

"ಏನು ಕೇಳ್ದ?"

ಆಂಟಿ ಅಂದಳು: "ಪಾಪ, ಒಳ್ಳೇ ಹುಡ್ಗ ಕಣೆ. ಬೇಜಾರು ಮಾಡ್ಕೋತಾನೇನೋ ಅಂತ..."

"ಅವನಿಗೆ ಬೇಜಾರಾಗ್ಬಾರ್ದು ಅಂತ ನೀನು ವರ್ಷವಿಡೀ ಗೋಡೆ ನೋಡ್ಕೊಂಡು ಕೂತ್ಕೋತೀಯಾ?"

ಅವಳು ಅತ್ತಳು. ನಾನೂ ಅತ್ತೆ. ಆಮೇಲೆ ಟೀ ಮಾಡಿಕೊಂಡು, ಮತ್ತೆ ಪರಿಶೀಲಿಸಿ ಅಂತ ಬರೆಯಲು ಕೂತೆವು. ಅತ್ತರೆ ತಾನೆ ತಾಯಿಯೂ ಹಾಲು ಕೊಡುವುದು, ಈ ಸಲ ಎಲ್ಲವನ್ನೂ ಬಾಯಿಬಿಟ್ಟು ಕೇಳೋಣ ಅಂದೆ.

ಏನೇನು ಬೇಕು ಹೇಳು ಅಂದರೆ ಆಂಟಿಗೆ ಸಂಕೋಚ. ಒಂದೊಂದನ್ನೂ ಹಲ್ಲು ಕಿತ್ತ ಹಾಗೆ ಹೊರಗೆಳೆದೆ. ಫೋನ್ ಬೇಡ, ಬರೆದು ತಿಳಿಸಲಿ. ಅಕ್ಷರ ದಪ್ಪ ಇರಲಿ, ದೊಡ್ಡದಿರಲಿ, ಹಳದಿ ಕಾಗದವಾದರೆ ಕಣ್ಣು ಕುಕ್ಕುವುದಿಲ್ಲ. ದುಭಾಷಿ ಬೇಕೇ ಬೇಕು. ಅವಳು ಕಪ್ಪು ಬಟ್ಟೆ ತೊಡಲಿ. ಹೂವು, ಪಟ್ಟೆ ಏನೂ ಬೇಡ, ಅದರ ಮೇಲೆ ಕೈ ಕಾಣುವುದಿಲ್ಲ. ತೀರ ಹತ್ತಿರ ಕೂತರೆ ಕೈ ಕಣ್ಣಿನ ತಟ್ಟೆಯಿಂದ ಆಚೆ ಹೋಗುತ್ತದೆ, ಸ್ವಲ್ಪ ದೂರ ಕೂರಲಿ. ಕಿಟಕಿ ಅವಳ ಹಿಂದೆ ಇರಬಾರದು. ನಡುವೆ ಕಣ್ಣಿಗೆ ಬಿಡುವು ಕೊಡಲಿ.

ಬರೆದದ್ದನ್ನು ನೋಡಿ ಆಂಟಿ ಗಾಬರಿಯಾದಳು. "ಹೋಟ್ಲಲ್ಲಿ ಊಟ ಆರ್ಡರ್ ಮಾಡ್ದಂಗಿದೆಯಲ್ಲೇ! ಅರ್ಧ ಹೊಡೆದು ಹಾಕು."

"ಒಂದಕ್ಷರ ಹೊಡೆಯಲ್ಲ."

"ಮಹಾರಾಣಿ ಅಂದ್ಕೋತಾರೆ."

"ಅಂದ್ಕೊಳ್ಲಿ. ಕಿರೀಟಾನೂ ಕೇಳೋಣ್ವಾ?"

ಕಚೇರಿಯಿಂದ ಒಬ್ಬಾತ, ದುಭಾಷಿಯ ಬದಲು ಗೆಳತಿಯ ಮಗಳೇ ಬಂದರೆ ಆಗದೆ ಎಂದು ಬರೆದು ಕೇಳಿದ. ನನಗೇನೋ ಬರುತ್ತದೆ, ಚಿಕ್ಕಂದಿನಿಂದ ಡಾಕ್ಟರ ಮುಂದೆ, ಬ್ಯಾಂಕಿನ ಮುಂದೆ ಅಮ್ಮನ ಬಾಯಾಗಿ ನಿಂತವಳು ನಾನು. ಆಂಟಿ ಒಪ್ಪಲಿಲ್ಲ. "ಸ್ನಾನ ಹೆಂಗೆ ಮಾಡ್ತೀನಿ, ಕಕ್ಕಸ್ಸಿಗೆ ಹೆಂಗೆ ಹೋಗ್ತೀನಿ, ಎಲ್ಲ ನಿನ್ ಕೈಲಿ ಹೇಳಿಸ್ಲಾ? ನಿನ್ನ ಒದ್ದೆ ಚಡ್ಡಿ ಬದ್ಲಾಯಿಸ್ದೋಳು ಕಣೆ ನಾನು!" ಎಂದಳು. ಅವಳು ಏನನ್ನಾದರೂ ಬೇಡ ಅಂದದ್ದು ಕ್ಲಬ್ಬಿನ ಹೊರಗೆ ನಾನು ಕಂಡದ್ದು ಅದೇ ಮೊದಲು. ಅವಳ ಮಾತನ್ನು ಸ್ವಲ್ಪ ಮಡಿ ಮಾಡಿ ಕಚೇರಿಗೆ ಬರೆದೆ.

ಮುಂದಿನ ಕಾಗದ ಬಂದದ್ದು ಹಳದಿ ಹಾಳೆಯಲ್ಲಿ. ಹೀದರ್ ಅಂತ ಸಹಿ. ದುಭಾಷಿಯನ್ನು ಗೊತ್ತು ಮಾಡಿದ್ದೇವೆ, ನೀವು ಬರೆದಂತೆ ಎಲ್ಲ ಏರ್ಪಾಡಾಗಿದೆ, ಹಿಂದೆ ಆದದ್ದಕ್ಕೆ ಕ್ಷಮೆ ಇರಲಿ ಎಂದಿತ್ತು. ಕೊನೆಯಲ್ಲಿ, ಈ ಅಕ್ಷರ ಸಾಕಾ, ಇನ್ನೂ ದೊಡ್ಡದು ಬೇಕಾ, ದಯವಿಟ್ಟು ತಿಳಿಸಿ. ಆಂಟಿ ಅದನ್ನು ನನ್ನ ಕೈಗೆ ಕೊಡಲಿಲ್ಲ. ಕಿಟಕಿಯ ಹತ್ತಿರ ಹೋಗಿ ತಾನೇ ಓದಿದಳು, ಎರಡು ಸಲ ಓದಿದಳು. ಸರ್ಕಾರದ ಕಚೇರಿಗಳನ್ನು ಬಯ್ಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಆದರೂ ಆ ಹೀದರಳ ಹೊಟ್ಟೆ ತಣ್ಣಗಿರಲಿ ಅಂದುಕೊಂಡೆ.

ಎರಡನೆಯ ಸಂದರ್ಶನಕ್ಕೆ ನಾನೂ ಹೋದೆ. ಮೂಲೆಯಲ್ಲಿ ಕೂರಬಹುದು, ಕೈ ಬಾಯಿ ಎರಡೂ ಆಡಿಸಬಾರದು ಅಂತ ಕರಾರು. ದುಭಾಷಿ ನಸ್ರೀನ್, ಪಕ್ಕದೂರು ಬ್ಲ್ಯಾಕ್‌ಬರ್ನಿನ ಹುಡುಗಿ, ತಲೆವಸ್ತ್ರದಿಂದ ಹಿಡಿದು ಎಲ್ಲ ಕಪ್ಪು. ಪ್ರಶ್ನೆ ಕೇಳುವವರು ಎಂಟ್ವಿಸಲ್ ಅಂತ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ತಾವೇ ಎದ್ದು ಪರದೆ ಎಳೆದು, ಕುರ್ಚಿಯನ್ನು ಹಿಂದೆ ಮುಂದೆ ಮಾಡಿ, "ಇಲ್ಲಿ ಕಾಣುತ್ತಾ? ಇಲ್ಲಿ?" ಎಂದು ಕೇಳಿದರು. ಆಂಟಿ ಎಲ್ಲದಕ್ಕೂ ತಲೆಯಾಡಿಸಿದಳು.

ಪ್ರಶ್ನೆ ಶುರುವಾದವು. ನಸ್ರೀನಳ ಕೈ ಚೊಕ್ಕವಾಗಿತ್ತು, ಆದರೆ ಆಂಟಿಗೆ ಹೊಸ ಕೈ. ಅಡುಗೆ? ತಲೆಯಾಡಿಸಿದಳು. ಔಷಧಿ? ತಲೆಯಾಡಿಸಿದಳು. ಗುಳಿ ಬೀಳುವ ಆ ನಗು ಬೇರೆ. ದುಭಾಷಿ ತಾನಾಗಿ ಏನೂ ಸೇರಿಸುವಂತಿಲ್ಲ. ನಾನು ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂತಿದ್ದೆ. ಗುರುವಾರವೂ ಹೋಯಿತು, ಕ್ಲಬ್ಬೂ ಹೋಯಿತು ಅಂದುಕೊಂಡೆ.

ಆಗ ಎಂಟ್ವಿಸಲ್ ಒಂದು ಉದ್ದನೆಯ ಪ್ರಶ್ನೆ ಕೇಳಿದರು. ನಸ್ರೀನ್ ಅದನ್ನು ಕೈಗಿಳಿಸಿದಳು. ಆಂಟಿಯ ತಲೆ ಅಲುಗಿತು, ಅರ್ಧದಲ್ಲಿ ನಿಂತಿತು. ನಗು ಹೋಯಿತು. ಅಂಗೈ ಎತ್ತಿ ಅಡ್ಡ ಹಿಡಿದಳು.

"ತಡೀರಿ. ಗೊತ್ತಾಗ್ಲಿಲ್ಲ."

ನಸ್ರೀನ್ ಅದನ್ನು ಬಾಯಲ್ಲಿ ಹೇಳಿದಳು. ಎಂಟ್ವಿಸಲ್ ಬೇರೆ ಮಾತಿನಲ್ಲಿ ಕೇಳಿದರು. ಆಂಟಿ ಮತ್ತೆ ಅಂಗೈ ಎತ್ತಿದಳು. "ಇನ್ನೂ ಇಲ್ಲ." ಅವರು ಪೆನ್ನು ಕೆಳಗಿಟ್ಟರು. "ಅವಸರ ಏನಿಲ್ಲಮ್ಮ, ಇನ್ನೊಂದ್ಸಲ ನೋಡೋಣ" ಅಂದರು. ಮೂರನೆಯ ಸಲ ಅವಳಿಗೆ ತಿಳಿಯಿತು. ಹೊರಗೆ ಹೋದಾಗ ದಾರಿ ತಪ್ಪಿದರೆ ಯಾರನ್ನು ಕೇಳುತ್ತೀರಿ ಎನ್ನುವುದು ಪ್ರಶ್ನೆ.

"ಯಾರನ್ನೂ ಕೇಳಲ್ಲ" ಅಂದಳು ಆಂಟಿ. "ಕೇಳಿದ್ರೂ ಅವ್ರು ಹೇಳೋದು ನಂಗೆ ಕೇಳ್ಸಲ್ಲ, ಕತ್ಲಲ್ಲಿ ಕಾಣ್ಸೋದೂ ಇಲ್ಲ. ಅದಕ್ಕೇ ಹೊರಗ್ ಹೋಗೋದೇ ಬಿಟ್ಟೆ. ಈಗ ಮೊದ್ಲಿಂದ ಕೇಳಿ. ಆಗ್ಲೇ ನಾನು ಹೂಂ ಅಂದಿದ್ದೆಲ್ಲ ಸುಳ್ಳು. ಹೋದ್ಸಲ ಅಂದಿದ್ದೂ ಸುಳ್ಳು."

ಎಂಟ್ವಿಸಲ್ ಬರೆದಿದ್ದನ್ನೆಲ್ಲ ಹೊಡೆದುಹಾಕಿ ಮೊದಲಿನಿಂದ ಕೇಳಿದರು. ಮಧ್ಯೆ ಟೀ ತರಿಸಿದರು. ಆಂಟಿ ಮಾತಾಡಿದಳು, ಕ್ಲಬ್ಬಿನಲ್ಲಿ ಆಡುವ ಹಾಗೆ ಮಾತಾಡಿದಳು, ಹೊರಗೆ ಬರುವಾಗ ಮಧ್ಯಾಹ್ನ ಕಳೆದಿತ್ತು.

ಭತ್ಯೆ ಮಂಜೂರಾಯಿತು. ಈಗ ಗುರುವಾರ ಸಂಜೆ ಸಹಾಯಕಿಯ ಮೊಣಕೈ ಹಿಡಿದು ಕ್ಲಬ್ಬಿಗೆ ಹೋಗುತ್ತಾಳೆ. ರಜೆ ಹಾಕಿ ಮೊದಲ ವಾರ ನೋಡಲು ಹೋದರೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಒಂದು ವರ್ಷದ ಬಾಕಿ ಚಾಡಿ ಇತ್ತಲ್ಲ. ನನಗೆ ಅಷ್ಟು ಸಂತೋಷವಾದದ್ದು ಈಚೆಗೆ ನೆನಪಿಲ್ಲ.

ಆ ಭಾನುವಾರ ನನ್ನ ಮನೆಗೆ ಬಂದು, ಕಚೇರಿಗೆ ಒಂದು ಕೃತಜ್ಞತೆಯ ಪತ್ರ ಬರೆ ಅಂದಳು.

"ಅದು ನಿನ್ನ ಹಕ್ಕು. ಹಕ್ಕಿಗೆ ಥ್ಯಾಂಕ್ಸ್ ಯಾಕೆ? ಒಂದು ವರ್ಷ ಅಲೆದಾಡ್ಸಿದ್ದಾರೆ."

"ದುಡ್ಡಿಗಲ್ವೇ ಪೆದ್ದಿ. ಆ ಮನುಷ್ಯ ಪೆನ್ನು ಕೆಳಗಿಟ್ಟು ಕಾದ. ನಂಗೆ ತಿಳಿಯೋವರ್ಗೂ ಕಾದ. ನನ್ನ ಆಯಸ್ಸಲ್ಲಿ ಹಾಗೆ ಯಾರು ಕಾದಿದಾರೆ, ಹೇಳು?"

ಕಾಗದ, ಪೆನ್ನು ತಂದೆ. ಬರೆದೆ. ಹೀದರ್‌ಗೆ, ನಸ್ರೀನ್‌ಗೆ, ಎಂಟ್ವಿಸಲ್‌ಗೆ, ಮೂವರಿಗೂ ಸೇರಿಸಿ. ಮನಸ್ಸಿಟ್ಟೇ ಬರೆದೆ. ಬರೆದದ್ದನ್ನು ಅವಳ ಎದುರು ನಿಂತು ಕೈಮಾತಿನಲ್ಲಿ ಹೇಳಿದೆ. "ಸರಿಯಾಗಿದ್ಯಾ?"

ಅಂಗೈ ಎತ್ತಿದಳು. "ಗೊತ್ತಾಗ್ಲಿಲ್ಲ."

"ಯಾವ್ದು?"

"ಯಾವ್ದೂ. ಮೊದ್ಲು ಆ ಪಟ್ಟೆಪಟ್ಟೆ ಸ್ವೆಟರ್ ಬಿಚ್ಚು. ನಿನ್ ಕೈ ಅದ್ರಲ್ಲೇ ಕಳ್ದೋಗುತ್ತೆ. ಎರಡು ವರ್ಷದಿಂದ, ನೀನು ಅದನ್ನ ಹಾಕ್ಕೊಂಡಾಗೆಲ್ಲ ಹೇಳೋದು ಅರ್ಧಕ್ಕರ್ಧ ನಂಗೆ ತಿಳೀತಿಲ್ಲ ಕಣೆ."

ಎರಡು ವರ್ಷದಿಂದ ನನ್ನ ಮುಂದೆಯೂ ತಲೆಯಾಡಿಸಿದ್ದಾಳೆ. ಇವತ್ತು ನನ್ನನ್ನೂ ನಂಬಿ ಗೊತ್ತಾಗ್ಲಿಲ್ಲ ಅಂದಳು. ಬೇಗ ಸ್ವೆಟರನ್ನು ತಲೆಯ ಮೇಲಿಂದ ಎಳೆದೆ. ಒಳಗೆ ಶಾಲೆಯ ಅಡುಗೆ ಕೆಲಸಕ್ಕೆ ಹಾಕುವ ಕಪ್ಪು ಬನಿಯನ್ನಿತ್ತು. ಚಳಿಯಲ್ಲಿ ನಡುಗುತ್ತಾ ಒಂದು ಹೆಜ್ಜೆ ಹಿಂದೆ ಸರಿದು ನಿಂತು, ಮೊದಲ ಸಾಲಿನಿಂದ ಮತ್ತೆ ಹೇಳಿದೆ.